ಮಂಗಳವಾರದ ತನಕ ಕಾದ ಗುಳಿಗೆ

ನಾನು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್. ಕಲಬುರಗಿ ಕಡೆ ಹೀಗೆ ಹೇಳಿದರೆ, "ಅಂದ್ರ ನರ್ಸೋ, ಡಾಕ್ಟರೋ?" ಅಂತ ಕೇಳುತ್ತಾರೆ. ನರ್ಸೇ. ಆದರೆ ಮನಸ್ಸಿನ ಕಾಯಿಲೆ ಇರುವವರನ್ನು ನೋಡಿ, ಯಾವ ಕಾಯಿಲೆ ಅಂತ ಹೇಳಿ, ಔಷಧಿ ಚೀಟಿಯನ್ನೂ ಬರೆಯುವ ನರ್ಸ್.

ಹೋದ ವರ್ಷ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮಗ, ನನ್ನ ಅಣ್ಣ, ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಇದ್ದ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದ. ನಿಂತಲ್ಲೂ ಕಾಲು ಎತ್ತಿ ಎತ್ತಿ ಇಡುತ್ತಿದ್ದ. ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಗುಳಿಗೆ ಶುರುವಾಗಿ ಮೂರು ವಾರ ಆಗಿತ್ತು. "ಗುಳಿಗಿ ತಗೊಂಡ ಮ್ಯಾಲೇ ಜಾಸ್ತಿ ಆಗ್ಯಾದ" ಅಂತ ದೊಡ್ಡವ್ವ ಅವನನ್ನು ಗಾಣಗಾಪುರದ ದತ್ತನ ಗುಡಿಗೆ ಕರೆದುಕೊಂಡು ಹೋಗಲು ತಯಾರಾಗಿದ್ದಳು. ಹೋಗೋಣ, ಮೊದಲು ದವಾಖಾನೆಗೆ ಹೋಗಿ ಬರೋಣ ಅಂದೆ.

ಅವತ್ತು ಗುರುವಾರ. ಅಲ್ಲಿದ್ದ ಸಿಸ್ಟರ್ ಅಣ್ಣನನ್ನು ಸ್ಟೂಲ್ ಮೇಲೆ ಕೂರಿಸಿದರು. ಮುಖ ನೋಡಲಿಲ್ಲ, ಪಾದ ನೋಡಿದರು. ಒಂದು ನಿಮಿಷ ಸುಮ್ನೆ ನೋಡುತ್ತಾ ನಿಂತರು. ಆಮೇಲೆ ದೊಡ್ಡವ್ವನ ಕಡೆ ತಿರುಗಿ, "ಇದು ರೋಗ ಜಾಸ್ತಿ ಆಗಿದ್ದಲ್ರಿ ಅವ್ವಾರ, ಗುಳಿಗಿದ ತ್ರಾಸ ಅದ" ಅಂದರು. ನೂರಕ್ಕೆ ನೂರು ಸರಿ. ಇದಕ್ಕೆ ಅಕಥೀಸಿಯಾ ಅನ್ನುತ್ತಾರೆ. ಕೆಲವು ಮನೋರೋಗದ ಔಷಧಿಗಳಿಂದ ಒಳಗೇ ಚಡಪಡಿಕೆ ಹುಟ್ಟಿ, ಮನುಷ್ಯ ಕೂರಲಾಗದೆ ಒದ್ದಾಡುತ್ತಾನೆ. ಡೋಸ್ ಇಳಿಸಿದರೆ ಅಥವಾ ಪ್ರೊಪ್ರನಲಾಲ್ ಎಂಬ ಔಷಧಿ ಕೊಟ್ಟರೆ ಸಾಮಾನ್ಯವಾಗಿ ಕಮ್ಮಿ ಆಗುತ್ತದೆ.

ಸಿಸ್ಟರ್‌ಗೆ ಅದೂ ಗೊತ್ತಿತ್ತು. ಆದರೆ ಬರೆಯುವ ಅಧಿಕಾರ ಇರಲಿಲ್ಲ. ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ ಕೇಳಿದರು. ಮನೋರೋಗದ ಗುಳಿಗೆಗೆ ನಾನು ಕೈ ಹಚ್ಚಲ್ಲ, ತಜ್ಞರೇ ನೋಡಲಿ ಅಂದರಂತೆ. ತಜ್ಞರು ಬರುವುದು ಮಂಗಳವಾರ. ನನ್ನ ಲೈಸೆನ್ಸ್ ಅರಿಜೋನಾದ್ದು, ಊರಲ್ಲಿ ನಾನೂ ಬರೆಯುವಂತಿರಲಿಲ್ಲ. ಐದು ರಾತ್ರಿ ಅಣ್ಣ ನಡೆದ. ದೊಡ್ಡವ್ವ ಅವನ ಜೊತೆ ಎದ್ದು ಕೂತಳು. ಮಂಗಳವಾರ ಡಾಕ್ಟರ್ ಎರಡು ನಿಮಿಷದಲ್ಲಿ ಡೋಸ್ ಅರ್ಧ ಮಾಡಿದರು. ಆ ಭಾನುವಾರ ಅಣ್ಣ ಕೂತು ಎರಡು ರೊಟ್ಟಿ ತಿಂದ.

ಆ ಐದು ದಿನ ನನಗೆ ಇನ್ನೂ ನುಂಗಲಾಗಿಲ್ಲ. ಎಷ್ಟೋ ಮಂದಿ ಇಂಥ ಹೊತ್ತಿನಲ್ಲೇ ಗುಳಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಕಾಯಿಲೆ ಮತ್ತೆ ಮೇಲೆ ಬರುತ್ತದೆ. ಫೀನಿಕ್ಸ್‌ನಲ್ಲಿ ಇಂಥವರು ಬಂದರೆ ನಾನು ಅವತ್ತೇ ಡೋಸ್ ಇಳಿಸುತ್ತೇನೆ. ಅರಿಜೋನಾದಲ್ಲಿ ನಮಗೆ ಡಾಕ್ಟರ ಸಹಿ ಬೇಕಿಲ್ಲ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ಡಾಕ್ಟರ್ ಜೊತೆ ಒಪ್ಪಂದ ಇಲ್ಲದೆ ಬರೆಯುವಂತಿಲ್ಲ.

ನರ್ಸ್ ಪ್ರಾಕ್ಟಿಷನರ್ ಕೆಲಸ ಅಮೆರಿಕದಲ್ಲಿ ಹುಟ್ಟಿದ್ದೂ ಡಾಕ್ಟರ ಕೊರತೆಯಿಂದಲೇ. ಕೊಲರಾಡೊದ ಹಳ್ಳಿಗಳಲ್ಲಿ ಮಕ್ಕಳನ್ನು ನೋಡಲು ಡಾಕ್ಟರು ಸಾಲುತ್ತಿರಲಿಲ್ಲ. 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಮೊದಲ ತರಬೇತಿ ಶುರು ಮಾಡಿದರು. ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳ ಕತೆಯೂ ಇದೇ ಅಲ್ವಾ?

ಹಾಗಂತ ಅಮೆರಿಕದ್ದನ್ನು ಹಾಗೇ ತಂದು ಹಚ್ಚಿ ಅನ್ನುತ್ತಿಲ್ಲ. ಅಲ್ಲಿ ನರ್ಸ್ ಪ್ರಾಕ್ಟಿಷನರ್ ಆಗಲು ಬಹಳ ಕಾಲ ರೋಗಿಗಳ ಜೊತೆ 500 ಗಂಟೆಯ ತರಬೇತಿ ಆದರೆ ಸಾಕಿತ್ತು. ಮನೋರೋಗದ ವಾರ್ಡಿನಲ್ಲಿ ಒಂದು ವರ್ಷವೂ ದುಡಿಯದವರು ಆನ್‌ಲೈನ್‌ನಲ್ಲಿ ಓದಿ ಚೀಟಿ ಬರೆಯಲು ಕೂರುವುದನ್ನು ಕಂಡಿದ್ದೇನೆ. ಅದು ತಪ್ಪು. ಇನ್ನೊಂದು ಮಾತು. ಅಲ್ಲಿ ರೋಗಿ ಹೆಚ್ಚಾಗಿ ಒಬ್ಬರೇ ಬರುತ್ತಾರೆ. ನಮ್ಮಲ್ಲಿ ಒಬ್ಬರ ಹಿಂದೆ ನಾಲ್ವರು. ಒಬ್ಬರು ನಿದ್ದೆ ಮಾಡಲ್ಲ ಅಂತಾರೆ, ಇನ್ನೊಬ್ಬರು ಗುಳಿಗೆ ಉಗುಳ್ತಾನೆ ಅಂತಾರೆ. ಆ ನಾಲ್ವರ ಮಾತು ಕೇಳಿ ನಿಜ ಹೆಕ್ಕುವುದು ನಮ್ಮ ನರ್ಸ್‌ಗಳಿಗೆ ಯಾರೂ ಕಲಿಸಬೇಕಿಲ್ಲ. ನಾನೂ ಕಲಬುರಗಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುವಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಪೋಸ್ಟಿಂಗ್ ಹೋದಾಗ ಕಲಿತದ್ದು ಅದನ್ನೇ. ಫೀನಿಕ್ಸ್‌ನಲ್ಲಿ ಈಗಲೂ ಅದರಿಂದಲೇ ಬದುಕಿದ್ದೇನೆ.

ನಮ್ಮ ಕಾನೂನು ಏನೂ ಬರಡಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಂದಣಿ ಆದ ಮನೋರೋಗ ನರ್ಸ್‌ಗಳನ್ನು ಮಾನಸಿಕ ಆರೋಗ್ಯ ವೃತ್ತಿಪರರು ಅಂತಲೇ ಕರೆಯುತ್ತದೆ. ಆದರೆ ತಮ್ಮ ವೃತ್ತಿಗೆ ಅನುಮತಿ ಇಲ್ಲದ ಔಷಧಿ ಹೇಳುವಂತಿಲ್ಲ ಅಂತಲೂ ಹೇಳುತ್ತದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಕಲಂನಲ್ಲಿ ಡಾಕ್ಟರ್ ಅಲ್ಲದವರಿಗೂ ಸೀಮಿತ ಲೈಸೆನ್ಸ್ ಕೊಡುವ ದಾರಿ ಇದೆ. ಐಸಿಯು ನರ್ಸ್‌ಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತು 2 ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಮಾಡಿದೆ. ಮನೋರೋಗಕ್ಕೂ ಅದೇ ಮಾಡಲಿ. ಐದು ವರ್ಷ ವಾರ್ಡಿನಲ್ಲಿ ದುಡಿದವರನ್ನು ಮಾತ್ರ ಸೇರಿಸಿಕೊಳ್ಳಲಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲೇ ಕಲಿಸಲಿ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಇರುವಾಗ ನಮ್ಮ ಭಾಗದವರೇ ಸೇರುತ್ತಾರೆ, ನಮ್ಮ ಭಾಗದಲ್ಲೇ ಉಳಿಯುತ್ತಾರೆ.

ಡಾಕ್ಟರ ಆತಂಕ ನನಗೆ ಅರ್ಥ ಆಗುತ್ತದೆ. ಮೊದಲ ಸಲ ಕಾಯಿಲೆ ಗುರುತಿಸುವುದು ಅವರದ್ದೇ ಇರಲಿ. ಲಿಥಿಯಂ, ಕ್ಲೋಜಪೀನ್‌ನಂಥ, ಆಗಾಗ ರಕ್ತ ಪರೀಕ್ಷೆ ಬೇಕಾದ ಔಷಧಿಯೂ ಅವರ ಕೈಯಲ್ಲೇ ಇರಲಿ. ಗುಳಿಗೆ ಮುಂದುವರಿಸುವುದು, ತ್ರಾಸ ಕಂಡರೆ ಡೋಸ್ ಇಳಿಸುವುದು, ಇಷ್ಟನ್ನು ನರ್ಸ್‌ಗೆ ಬಿಡಲಿ. ಒಂದು ಗುಳಿಗೆ ಚೀಟಿಗೆ ಇಡೀ ದಿನದ ಕೂಲಿ ಕಳೆದುಕೊಂಡು ಬಸ್ ಹತ್ತುವುದು ತಪ್ಪುತ್ತದೆ.

ವಾಪಸ್ ಬರುವ ಮುಂಚೆ ಸಿಸ್ಟರ್‌ಗೆ ಥ್ಯಾಂಕ್ಸ್ ಹೇಳಲು ಹೋಗಿದ್ದೆ. ಅಮೆರಿಕದ ದಾರಿ ಏನು ಅಂತ ಕೇಳಿದರು. ಹೇಳಿದೆ. ಅಲ್ಲಿ ನರ್ಸ್ ಲೈಸೆನ್ಸ್‌ಗೆ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ, ವೀಸಾಕ್ಕೆ ವರ್ಷಗಟ್ಟಲೆ ಕಾಯುವುದು, ಅಲ್ಲಿ ಹೋದ ಮೇಲೆ ಮತ್ತೆ ಎರಡು ಮೂರು ವರ್ಷದ ಮಾಸ್ಟರ್ಸ್, ಇನ್ನೊಂದು ಬೋರ್ಡ್ ಪರೀಕ್ಷೆ, ಐದೈದು ವರ್ಷಕ್ಕೆ ಅದರ ನವೀಕರಣ. ಹಳೇ ಓಪಿಡಿ ಚೀಟಿಯ ಹಿಂದೆ ಎಲ್ಲ ಬರೆದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗನನ್ನು ಅವರಪ್ಪ ಕೈ ಹಿಡಿದು ನಿಲ್ಲಿಸಿದ್ದರು. ಸಿಸ್ಟರ್ ಚೀಟಿ ಜೇಬಿಗೆ ಹಾಕಿಕೊಂಡು, ಹುಡುಗನ ಕೈ ಮುಂದೆ ಚಾಚಿಸಿ, ಬೆರಳು ನಡುಗುತ್ತವೆಯೇ ಅಂತ ನೋಡತೊಡಗಿದರು.