ಗಾಜಿನ ಆಚೆ ನಿಂತ ನಮ್ಮದೇ ಕಾರು

ಹೋದ ಸಲ ಶಿವಮೊಗ್ಗಕ್ಕೆ ಬಂದಾಗ ಅಪ್ಪನ ಕಾರು ಸರ್ವಿಸ್‌ಗೆ ಬಿಡಲು ನಾನೂ ಜೊತೆಗೆ ಹೋಗಿದ್ದೆ. ಬಾನೆಟ್ ಎತ್ತಿದ ಹುಡುಗನ ಪಕ್ಕ ನಿಂತು ನೋಡೋಣ ಅಂತ ಎರಡು ಹೆಜ್ಜೆ ಮುಂದೆ ಇಟ್ಟೆ ಅಷ್ಟೇ. "ಸಾರ್, ಲೌಂಜಲ್ಲಿ ಕೂತ್ಕೊಳ್ಳಿ, ಕಾಫಿ ಕೊಡ್ತಾರೆ" ಅಂದರು. ಗಾಜಿನ ಗೋಡೆ, ಎಸಿ, ಟಿವಿ. ಸಂಜೆ ಬಿಲ್ ಬಂತು. ಆಯಿಲ್, ಆಯಿಲ್ ಫಿಲ್ಟರ್ ಸರಿ. ಅದರ ಕೆಳಗೆ ಎಂಜಿನ್ ಡೀಕಾರ್ಬನೈಸಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಟೀರಿಯರ್ ಟ್ರೀಟ್‌ಮೆಂಟ್. ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮಾರ್ಕೆಟ್ ಓಡುವ ಕಾರಿಗೆ ಇಷ್ಟೆಲ್ಲ. ನಾನು ಕೇಳಲು ಹೋದೆ. ಅಪ್ಪ ತಡೆದರು. "ಬಿಡೋ, ಅವರಿಗೆ ಗೊತ್ತಿರುತ್ತೆ."

ಆ ಮಾತು ಚುಚ್ಚಿತು. ಅದನ್ನು ಆಡಿದವರು ಅಪ್ಪ ಅನ್ನೋದಕ್ಕೇ ಜಾಸ್ತಿ ಚುಚ್ಚಿತು.

ಯಾಕೆಂದರೆ ಇದೇ ಅಪ್ಪ ಯೆಜ್ಡಿ ಬೈಕ್ ಇಟ್ಟುಕೊಂಡಿದ್ದವರು. ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಫ್ಯಾಕ್ಟರಿಯ ಗಾಡಿ. ಕಿಕ್ ಹೊಡೆಯುವ ಲಿವರನ್ನೇ ಮಡಿಸಿ ಗೇರ್ ಹಾಕುವ ಗಾಡಿ. ಭಾನುವಾರ ತಿಂಡಿ ಆದ ಮೇಲೆ ಜಗಲಿಯ ಮುಂದೆ ಹಳೇ ಪೇಪರ್ ಹಾಸಿ, ಪ್ಲಗ್ ಬಿಚ್ಚಿ, ಮಸಿ ಒರೆಸಿ, ಕಾಂಟ್ಯಾಕ್ಟ್ ಪಾಯಿಂಟ್‌ಗೆ ಎಮರಿ ಪೇಪರ್ ಉಜ್ಜುತ್ತಿದ್ದರು. ಸೈಲೆನ್ಸರ್ ಒಳಗೆ ಕಾರ್ಬನ್ ಕಟ್ಟಿಕೊಂಡರೆ ಬಿಚ್ಚಿ ಸುಟ್ಟು ಕೆರೆದು ತೆಗೆಯುತ್ತಿದ್ದರು. ಡೀಕಾರ್ಬನೈಸಿಂಗ್ ಅಂದರೆ ಏನು ಅಂತ ಆ ಸರ್ವಿಸ್ ಸೆಂಟರಿನ ಹುಡುಗನಿಗಿಂತ ಅಪ್ಪನಿಗೇ ಚೆನ್ನಾಗಿ ಗೊತ್ತಿತ್ತು. ಅಂಥವರು ಗಾಜಿನ ಹಿಂದೆ ಕೂತು ಕಾಫಿ ಕುಡಿದು ಕಾರ್ಡ್ ಕೊಟ್ಟು ಬಂದರು.

ನಾನು ಇರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಇಲ್ಲಿಗೆ ಬಂದ ಮೇಲೆ ಒಂದು ಹಳೇ ಸ್ಪೋರ್ಟ್ಸ್ ಕಾರು ತಗೊಂಡೆ, 1995ರ ಮಾಜ್ದಾ ಮಿಯಾಟಾ. ನಮ್ಮೂರಿನವರಿಗೆ ಮಾಜ್ದಾ ಅಂದರೆ ಸ್ವರಾಜ್ ಮಾಜ್ದಾ, ಮದುವೆ ದಿಬ್ಬಣದ ಮಿನಿ ಬಸ್ಸು. ಇದು ಬೇರೆ. ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು, ಒಂದು ಟನ್ ಆಸುಪಾಸಿನ ತೂಕ, ಗುಂಡಿ ಒತ್ತಿದರೆ ಬಾನೆಟ್ಟಿನಿಂದ ಎದ್ದು ನಿಲ್ಲುವ ಹೆಡ್‌ಲೈಟು. 1989ರಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ತೋರಿಸಿದರು. 2016ರಲ್ಲಿ ಹತ್ತು ಲಕ್ಷದ ಕಾರು ಹೊರಬಂತು. ಇಷ್ಟು ಕಾರು ಇರುವುದರಿಂದ ಪಾರ್ಟ್ಸ್ ಸಿಗುತ್ತವೆ, ಅಗ್ಗಕ್ಕೂ ಸಿಗುತ್ತವೆ. ಸಂಬಳದಲ್ಲಿ ಮನೆ ನಡೆಸಿಕೊಂಡು ಸ್ಪೋರ್ಟ್ಸ್ ಕಾರು ಸಾಕಬೇಕು ಅನ್ನುವವನಿಗೆ ಇದಕ್ಕಿಂತ ಒಳ್ಳೇ ಕಾರು ನನಗೆ ಗೊತ್ತಿಲ್ಲ.

ಶಾಕ್ ಅಬ್ಸಾರ್ಬರ್ ಹೋಗಿತ್ತು. ಬದಲಾಯಿಸಲು ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಬೇಕು. ಒಂದು ಸಲದ ಕೆಲಸಕ್ಕೆ ಅದನ್ನು ಯಾರು ಕೊಳ್ತಾರೆ? ಪಾರ್ಟ್ಸ್ ಅಂಗಡಿಯಲ್ಲಿ ವಿಚಾರಿಸಿದರೆ ಕೌಂಟರಿನ ಹುಡುಗಿ ಒಳಗಿನಿಂದ ಒಂದು ಪೆಟ್ಟಿಗೆ ತಂದಿಟ್ಟಳು. ಡೆಪಾಸಿಟ್ ಕಟ್ಟಿ ತಗೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದುಕೊಟ್ಟರೆ ಪೂರ್ತಿ ದುಡ್ಡು ವಾಪಸ್. ಬಾಡಿಗೆ ಇಲ್ಲ. ಕಾರಿನಿಂದ ಇಳಿಸಿದ ಹಳೇ ಆಯಿಲನ್ನೂ ಇಂಥ ಅಂಗಡಿಗಳೇ ತಗೊಳ್ಳುತ್ತವೆ, ಚರಂಡಿಗೆ ಸುರಿಯುವ ಕೆಲಸವಿಲ್ಲ. ಗಿರಾಕಿ ತನ್ನ ಕಾರನ್ನು ತಾನೇ ಬಿಚ್ಚುತ್ತಾನೆ, ಅದು ಮಾಮೂಲಿ ವಿಷಯ ಅಂತ ನಂಬಿ ನಡೆಯುವ ಅಂಗಡಿ ಅದು. ಆ ನಂಬಿಕೆಯೇ ನನಗೆ ದೊಡ್ಡದಾಗಿ ಕಂಡಿತು.

ನನ್ನ ಕಾರಿಗಿಂತ ಒಂದು ವರ್ಷ ಹೊಸದು, 1996ರ ಮೇಲಿನ ಕಾರು ಆಗಿದ್ದರೆ ಕಾರಿನ ಕಂಪ್ಯೂಟರಿನಿಂದ ತೊಂದರೆಯ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಬಹುದಿತ್ತು. ನನ್ನದಕ್ಕೆ ಅದೂ ಬೇಡ. ಬಾನೆಟ್ ಕೆಳಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಡಯಾಗ್ನಾಸ್ಟಿಕ್ ಡಬ್ಬಿ ಇದೆ. ಮುಚ್ಚಳ ತೆಗೆದು ಎರಡು ತೂತಿನ ನಡುವೆ ಒಂದು ತುಂಡು ವೈರ್ ಸಿಕ್ಕಿಸಿ ಕೀ ತಿರುಗಿಸಬೇಕು. ಚೆಕ್ ಎಂಜಿನ್ ಲೈಟು ಮಿನುಗಲು ಶುರು ಮಾಡುತ್ತದೆ. ಒಂದು ಉದ್ದ, ಐದು ಚಿಕ್ಕ ಮಿನುಗು ಬಂದರೆ 15. ಪುಸ್ತಕ ನೋಡಿದರೆ ಆಕ್ಸಿಜನ್ ಸೆನ್ಸರ್. ಕಾರು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ, ಯಾರೂ ನಡುವೆ ಬೇಡ. ಮೊದಲ ಸಲ ಆ ಮಿನುಗು ಎಣಿಸಿದಾಗ ಆದ ಖುಷಿಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಅವರಿಗೆ ತಕ್ಷಣ ಅರ್ಥವಾಯಿತು.

ಕ್ಲಚ್ ಕೆಲಸವಂತೂ ಮನೆಮಂದಿಯ ಕೆಲಸ. ಈ ಕಾರಿನಲ್ಲಿ ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದ್ದನ್ನು ಫ್ಲೂಯಿಡ್ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಭಾಗ, ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಪೆಡಲ್ ಸೀದಾ ಒಳಗೆ ಹೋಗುತ್ತದೆ, ಗೇರ್ ಬೀಳಲ್ಲ. ಹೊಸ ಸಿಲಿಂಡರ್ 40 ಡಾಲರ್ ಒಳಗೆ ಸಿಗುತ್ತದೆ, ಎರಡು ಬೋಲ್ಟು, ಒಂದು ಪೈಪು. ಹಾಕಿದ ಮೇಲೆ ಪೈಪಿನೊಳಗೆ ಸೇರಿದ ಏರ್ ತೆಗೆಯಬೇಕಲ್ಲ, ಅದಕ್ಕೆ ಇಬ್ಬರು ಬೇಕು. ನನ್ನ ಹೆಂಡತಿ ಸೀಟಿನಲ್ಲಿ, ನಾನು ಕೆಳಗೆ. "ಒತ್ತು." "ಒತ್ತಿದೆ." "ಹಾಗೇ ಹಿಡ್ಕೊ." ನಾನು ನಿಪ್ಪಲ್ ಸಡಿಲ ಮಾಡಿದರೆ ಪಾರದರ್ಶಕ ಟ್ಯೂಬಿನಲ್ಲಿ ಕಪ್ಪು ಫ್ಲೂಯಿಡ್ ಜೊತೆ ಗುಳ್ಳೆ ಬರುತ್ತದೆ. ಬಿಗಿ ಮಾಡಿ, "ಈಗ ಬಿಡು." ಗುಳ್ಳೆ ನಿಂತು ಟ್ಯೂಬಿನಲ್ಲಿ ಹೊಸ ಎಣ್ಣೆಯ ಬಣ್ಣ ಕಾಣುವವರೆಗೂ ಇದೇ ಮಾತು. ಕೊನೆಗೆ ಅವಳೇ ಹೇಳಿದಳು, "ಈಗ ಪೆಡಲ್ ಗಟ್ಟಿಯಾಯ್ತು ನೋಡಿ." ಗ್ಯಾರೇಜಿಗೆ ಕೊಟ್ಟಿದ್ದರೆ ಗಂಟೆಗೆ 100 ಡಾಲರ್‌ಗೂ ಮೇಲೆ ಕೂಲಿ. ಉಳಿದ ದುಡ್ಡಿಗೆ ಒಳ್ಳೇ ಬ್ರೇಕ್ ಪ್ಯಾಡ್ ಬಂತು.

ಬಟ್ಟೆ ಟಾಪಿನ ನೀರು ಸೀಟಿನ ಹಿಂದೆ ಎರಡು ಕೊಳವೆಯಲ್ಲಿ ಇಳಿದು ಕೆಳಗೆ ಹೋಗುತ್ತದೆ. ಅದಕ್ಕೆ ಎಲೆ ಕಸ ಕಟ್ಟಿದರೆ ನೀರು ಬಾಗಿಲ ಕೆಳಗಿನ ತಗಡಿನೊಳಗೆ ನಿಂತು ತುಕ್ಕು ಹಿಡಿಯುತ್ತದೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಈ ಊರಿನಲ್ಲಿ ಇನ್ನೂ ಬೇಗ. ಮುಂಗಾರಿಗೆ ಮೊದಲು ಹಂಚಿನ ಮಾಡಿನ ದೋಣಿಯಿಂದ ತರಗೆಲೆ ತೆಗೆಯುತ್ತಿದ್ದ ಹಾಗೆಯೇ ಇದೂ ಒಂದು ಕೆಲಸ. ಮಲೆನಾಡಿನವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾಡಿಫಿಕೇಶನ್ ವಿಷಯಕ್ಕೆ ಬಂದರೆ ನಮ್ಮೂರಿನ ಹುಡುಗರ ಮೇಲೆ ನನಗೆ ನಿಜವಾಗಲೂ ಬೇಜಾರಿದೆ. ನಮ್ಮಲ್ಲಿ ಅದು ಸೈಲೆನ್ಸರಿನಿಂದ ಶುರುವಾಗಿ ಸೈಲೆನ್ಸರಿನಲ್ಲೇ ಮುಗಿಯುತ್ತದೆ. ಪೊಲೀಸರು ಅವನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಫೋಟೋ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಇಲ್ಲಿ ಹಳಬರು ನನಗೆ ಹೇಳಿಕೊಟ್ಟ ಕ್ರಮವೇ ಬೇರೆ. ಮೊದಲು ಒಳ್ಳೇ ಟೈರು, ಆಮೇಲೆ ಬ್ರೇಕ್ ಪ್ಯಾಡು ಮತ್ತು ಹೊಸ ಫ್ಲೂಯಿಡ್ಡು, ಸವೆದ ರಬ್ಬರ್ ಬುಷ್, ಅಲೈನ್‌ಮೆಂಟ್. ಟೈಮಿಂಗ್ ಬೆಲ್ಟ್ 60,000 ಮೈಲಿಗೆ ಹಾಕಿಸಿದ್ದಾರಾ ನೋಡು. ಟಾಪ್ ಇಲ್ಲದ ಕಾರು, ಜೋರಾಗಿ ಓಡಿಸುವುದಾದರೆ ಮಗುಚಿದಾಗ ತಲೆ ಕಾಯುವ ಕಬ್ಬಿಣದ ಕಮಾನು, ರೋಲ್ ಬಾರ್ ಹಾಕು. ಅಗ್ಗದ ಕಾಯಿಲ್‌ಓವರ್ (ಎತ್ತರ ಏರಿಳಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿ ಕಾರು ನೆಲಕ್ಕೆ ತಾಗಿಸಿಕೊಂಡು ಒದ್ದಾಡಬೇಡ. ಕುದುರೆಶಕ್ತಿಯ ಮಾತು ಕಟ್ಟಕಡೆಗೆ. ಬೇಸಿಗೆಯಲ್ಲಿ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟು, ಹೆಲ್ಮೆಟ್ ಹಾಕಿಸಿ, ಒಬ್ಬೊಬ್ಬರನ್ನೇ ಬಿಟ್ಟು ಟೈಮ್ ಬರೆಯುವ ಆಟೋಕ್ರಾಸ್ ನಡೆಯುತ್ತದೆ. ಅಲ್ಲಿ ನನ್ನ ಹಳೇ ಕಾರು ಅದರ ಎರಡರಷ್ಟು ಎಂಜಿನ್ ಇರುವ ಕಾರುಗಳ ಸಮಕ್ಕೆ ತಿರುಗುತ್ತದೆ. ಟೈರು ಮತ್ತು ಶಾಕ್ ಮಾಡಿದ ಕೆಲಸ ಅದು, ಸದ್ದು ಮಾಡಿದ್ದಲ್ಲ.

ಕಾನೂನೂ ಇಲ್ಲಿ ಮಾಲೀಕನ ಕಡೆಗಿದೆ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಪ್ರಕಾರ, ನೀವೇ ಆಯಿಲ್ ಬದಲಿಸಿದಿರಿ ಅಥವಾ ಬೇರೆ ಕಂಪನಿಯ ಫಿಲ್ಟರ್ ಹಾಕಿದಿರಿ ಅನ್ನೋ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವ ಹಾಗಿಲ್ಲ. ಊರಿನಲ್ಲಿ "ಹೊರಗೆ ಮುಟ್ಟಿಸಿದ್ರೆ ವಾರಂಟಿ ಹೋಗುತ್ತೆ ಸಾರ್" ಅನ್ನುವ ಒಂದು ಮಾತಿಗೆ ಎಲ್ಲರೂ ಹೆದರಿ ಕೂತಿದ್ದಾರೆ. ಮಾಡಿಫಿಕೇಶನ್‌ಗಂತೂ ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಂತಿದೆ, ಕಂಪನಿ ಕೊಟ್ಟ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಹೇಳಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಬಂತು. ಆದರೆ ಏರ್ ಫಿಲ್ಟರ್ ಬದಲಿಸುವುದಕ್ಕೆ, ಬ್ಯಾಟರಿ ಟರ್ಮಿನಲ್ ಉಜ್ಜುವುದಕ್ಕೆ ಯಾವ ಸೆಕ್ಷನ್ನೂ ಅಡ್ಡ ಬರಲ್ಲ. ಅಡ್ಡ ಬರುವುದು "ಇಷ್ಟು ಓದಿ ಕೈ ಮಸಿ ಮಾಡ್ಕೊಳ್ತೀಯಾ" ಅನ್ನುವ ಮಾತು. ಈ ಮಾತನ್ನು ನನ್ನ ಚಿಕ್ಕಪ್ಪ ಆಡಿದ್ದಾರೆ, ಭಾವ ಆಡಿದ್ದಾರೆ. ನಮ್ಮ ಓಣಿಯಲ್ಲಿ ಡೆಟ್ರಾಯಿಟ್‌ನ ಫ್ಯಾಕ್ಟರಿಯಿಂದ ರಿಟೈರ್ ಆದವರು ಇದ್ದಾರೆ, ಹಲ್ಲಿನ ಡಾಕ್ಟರೂ ಇದ್ದಾರೆ. ಶನಿವಾರ ಇಬ್ಬರ ಕೈಯೂ ಒಂದೇ ಬಣ್ಣ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಲೇಬೇಕು. ಇಲ್ಲಿಯ ಸರ್ವಿಸ್ ಸೆಂಟರಿನಲ್ಲೂ ಗಿರಾಕಿಯನ್ನು ಒಳಗೆ ಬಿಡುವುದಿಲ್ಲ, ಇನ್ಶೂರೆನ್ಸ್ ಕಾರಣ ಹೇಳುತ್ತಾರೆ. ನಾನು ಮೊದಲು ಇದ್ದ ಅಪಾರ್ಟ್‌ಮೆಂಟಿನ ಕರಾರಿನಲ್ಲಿ ಪಾರ್ಕಿಂಗ್ ಜಾಗದಲ್ಲಿ ರಿಪೇರಿ ಮಾಡಬಾರದು ಅಂತಲೇ ಬರೆದಿತ್ತು. ಮನೆಗೊಂದು ಗ್ಯಾರೇಜು, ಸಪಾಟಾದ ಕಾಂಕ್ರೀಟು ನೆಲ ಸಿಕ್ಕ ಮೇಲೇ ಈ ಹವ್ಯಾಸ ಸಾಧ್ಯವಾಯಿತು. ಕಾರು ರಸ್ತೆ ಬದಿ ನಿಲ್ಲಿಸುವ ನಮ್ಮ ಊರಿನವರು ಜಾಕ್ ಸ್ಟ್ಯಾಂಡ್ ಎಲ್ಲಿ ಇಡಬೇಕು? ಕೂಲಿ ಇಷ್ಟು ದುಬಾರಿ ಇಲ್ಲದಿದ್ದರೆ ಇಲ್ಲಿಯವರಲ್ಲೂ ಎಷ್ಟೋ ಜನ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ.

ಇನ್ನೊಂದೂ ಇದೆ. ಇಲ್ಲಿ ಕೆಟ್ಟ ಪಾರ್ಟ್ ಅಂದರೆ ಬಿಸಾಡುವ ಪಾರ್ಟ್. ನನ್ನ ಕಾರಿನ ಎಡಗಡೆ ಹೆಡ್‌ಲೈಟ್ ಏಳುವುದು ನಿಧಾನವಾಗಿತ್ತು. ಮೋಟರ್ ಸುಸ್ತಾಗಿತ್ತು. ಬೇರೆ ಮೋಟರ್ ಹಾಕು ಅಂತ ಎಲ್ಲರೂ ಹೇಳಿದರು, ಬಿಚ್ಚಿ ನೋಡು ಅಂತ ಯಾರೂ ಹೇಳಲಿಲ್ಲ. ಆ ಮೋಟರನ್ನು ಸೂಟ್‌ಕೇಸಿನಲ್ಲಿ ಊರಿಗೆ ತಂದಿದ್ದೆ. ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹಿಂದೆ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಡೈನಮೊ, ಸ್ಟಾರ್ಟರ್, ವೈಪರ್ ಮೋಟರ್ ಎಲ್ಲ ಅವರ ಮುಂದೆ ರಾಶಿ ಬಿದ್ದಿರುತ್ತವೆ. ಇಂಥ ಮೋಟರನ್ನು ಅವರು ಕಂಡೇ ಇರಲಿಲ್ಲ. ಕೈಯಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿದರು. "ಬ್ರಷ್ ಸವೆದಿದೆ, ಗ್ರೀಸ್ ಗಟ್ಟಿಯಾಗಿದೆ, ವೈಂಡಿಂಗ್ ಚೆನ್ನಾಗಿದೆ" ಅಂದರು. ಡಬ್ಬಿಯಿಂದ ಯಾವುದೋ ವೈಪರ್ ಮೋಟರಿನ ಕಾರ್ಬನ್ ಬ್ರಷ್ ತೆಗೆದು, ಅರದಲ್ಲಿ ಉಜ್ಜಿ ಅಳತೆಗೆ ತಂದು, ಬೆಸುಗೆ ಹಾಕಿದರು. ನನಗೊಂದು ಸ್ಟೂಲ್ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಬ್ಯಾಟರಿಗೆ ತಾಗಿಸಿದ ಕೂಡಲೇ ಮೋಟರ್ ಸರ್ರನೆ ತಿರುಗಿತು. ಇಂಥ ಕೈ ನನಗೆ ಮಿಶಿಗನ್‌ನಲ್ಲಿ ಸಿಕ್ಕಿಲ್ಲ.

ದುಡ್ಡು ಕೊಟ್ಟು ಏಳುವಾಗ "ಬಲಗಡೇದೂ ತನ್ನಿ ಸಾರ್, ಎರಡಕ್ಕೂ ಒಂದೇ ವಯಸ್ಸು ಅಲ್ವಾ" ಅಂದರು. ಬರುವ ಡಿಸೆಂಬರ್‌ಗೆ ಟಿಕೆಟ್ ಆಗಿದೆ. ಹಿಮ ಬಿದ್ದ ಮೇಲೆ ಕಾರು ಹೇಗೂ ಹೊರಗೆ ತೆಗೆಯಲ್ಲ, ಹೊರಡುವ ಹಿಂದಿನ ವಾರ ಬಲಗಡೆಯದನ್ನೂ ಬಿಚ್ಚಿ ಇಟ್ಟುಕೊಳ್ಳುತ್ತೇನೆ. ಈ ಸಲ ಆ ಅಂಗಡಿಗೆ ಅಪ್ಪನನ್ನೂ ಕರೆದುಕೊಂಡು ಹೋಗಬೇಕು ಅಂತಿದ್ದೇನೆ.