ತೊಗರಿಬೇಳೆ ಡಬ್ಬಿಯಲ್ಲಿ ಸಿಕ್ಕ ಬಳೆ

ನಮ್ಮ ದೊಡ್ಡಮ್ಮನಿಗೆ ಮೊದಲು ಬಂದದ್ದು ಮರೆವಲ್ಲ, ಅನುಮಾನ. "ನನ್ನ ಬಳೆ ನೀನೇ ಎತ್ತಿಟ್ಟಿದ್ದೀಯ" ಅಂತ ಅತ್ತಿಗೆ ಮೇಲೆ ಹರಿಹಾಯ್ದರು. ಎರಡು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮೂರನೇ ದಿನ ಬಳೆ ತೊಗರಿಬೇಳೆ ಡಬ್ಬಿಯಲ್ಲಿ ಸಿಕ್ಕಿತು, ಕರ್ಚೀಫಿನಲ್ಲಿ ಸುತ್ತಿಟ್ಟ ಹಾಗೇ. "ನೋಡು, ಹೆದರಿ ತಂದಿಟ್ಟಿದ್ದಾಳೆ" ಅಂದರು ದೊಡ್ಡಮ್ಮ!

ವಯಸ್ಸಾಯಿತು, ಹಟ ಜಾಸ್ತಿ ಅಂದುಕೊಂಡು ನಾವು ಒಂದೂವರೆ ವರ್ಷ ಕಳೆದೆವು.

ಆಮೇಲೆ ಓದಿದಾಗ ಗೊತ್ತಾಯಿತು. 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯ ನೋಡಿದ ಆಗಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸಿಗೂ ಮೊದಮೊದಲು ಕಾಣಿಸಿಕೊಂಡದ್ದು ಗಂಡನ ಮೇಲಿನ ಸಂಶಯವೇ. ಆಕೆಯೂ ಸಾಮಾನು ಬಚ್ಚಿಡುತ್ತಿದ್ದಳಂತೆ. ಆ ವೈದ್ಯನ ಹೆಸರೇ ಅಂಟಿದ ಆಲ್ಝೈಮರ್ ಕಾಯಿಲೆ ಅಂದರೆ ಮರೆವು ಅಷ್ಟೇ ಅಂತ ನಮ್ಮ ತಲೆಯಲ್ಲಿ ಕೂತಿದೆ.

ಈಗ ಈ ಕಾಯಿಲೆ ಪತ್ತೆಗೆ ನೆರವಾಗುವ ರಕ್ತ ಪರೀಕ್ಷೆ ಬಂದಿದೆ. 2025ರ ಮೇನಲ್ಲಿ ಅಮೆರಿಕದಲ್ಲಿ ಔಷಧ, ಪರೀಕ್ಷೆಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಮೊದಲನೆಯದಕ್ಕೆ ಒಪ್ಪಿಗೆ ಕೊಟ್ಟಿತು. ರಕ್ತದಲ್ಲಿರುವ ಪಿ-ಟೌ 217 ಮತ್ತು ಅಮೈಲಾಯ್ಡ್ ಎಂಬ ಎರಡು ಪ್ರೋಟೀನ್ ಅಳೆದು, ಮಿದುಳಲ್ಲಿ ಈ ಕಾಯಿಲೆಯ ಗುರುತಾದ ಅಮೈಲಾಯ್ಡ್ ಸೇರಿಕೊಂಡಿರಬಹುದೇ ಅಂತ ಹೇಳುತ್ತದೆ. ಮೊದಲಾದರೆ ಮಿದುಳಿನ ಪೆಟ್ ಸ್ಕ್ಯಾನ್ ಮಾಡಿಸಬೇಕಿತ್ತು, ಇಲ್ಲವೇ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯಬೇಕಿತ್ತು. ಆದರೆ ಈ ಒಪ್ಪಿಗೆ ವಯಸ್ಸಾದ, ಲಕ್ಷಣ ಇರುವವರಿಗೆ ಮಾತ್ರ. ಹುಷಾರಾಗಿರುವವರು ಸುಮ್ನೆ ಕುತೂಹಲಕ್ಕೆ ಮಾಡಿಸುವಂಥದ್ದಲ್ಲ. ಕಿಡ್ನಿ ತೊಂದರೆ ಇದ್ದರೂ ಪಿ-ಟೌ ಅಂಕಿ ಏರಬಹುದು.

ನನಗೆ ಈ ಪರೀಕ್ಷೆ ಬೇಕು ಅನ್ನಿಸುವುದು ಬೇರೆ ಕಾರಣಕ್ಕೆ. ಅಂಥದ್ದೊಂದು ಕಾಗದ ಆಗ ಕೈಯಲ್ಲಿದ್ದಿದ್ದರೆ ಅತ್ತಿಗೆ ಒಂದೂವರೆ ವರ್ಷ ಕಳ್ಳಿ ಅನ್ನಿಸಿಕೊಂಡು ಬದುಕಬೇಕಿರಲಿಲ್ಲ, ಅಲ್ವಾ?

ಹಾಗಂತ ಆ ಕಾಗದ ಮನೆಯ ಪಾಡನ್ನು ಹೇಳುವುದಿಲ್ಲ. ಒಬ್ಬರು ಸಂಜೆಯಾದರೆ "ಮನೆಗೆ ಹೋಗಬೇಕು" ಅಂತ ಬಾಗಿಲು ಬಡಿಯುತ್ತಾರೆ. ಇನ್ನೊಬ್ಬರು ಮೂಲೆ ಹಿಡಿದು ಕೂತುಬಿಡುತ್ತಾರೆ. ಕೂತವರನ್ನು ನಾವು 'ಪಾಪ, ತಣ್ಣಗಿದ್ದಾರೆ' ಅನ್ನುತ್ತೇವೆ. ಅದೂ ಕಾಯಿಲೆಯೇ. ಇದ್ದಕ್ಕಿದ್ದಂತೆ ಕೂಗಾಟ ಜಾಸ್ತಿಯಾದರೆ ಮೊದಲು ಉರಿಮೂತ್ರವೋ, ಮಲಬದ್ಧತೆಯೋ, ಎಲ್ಲಾದರೂ ನೋವೋ ನೋಡಬೇಕು. ದೊಡ್ಡಮ್ಮನಿಗೆ ಒಮ್ಮೆ ಆದದ್ದು ಬರೀ ಹಲ್ಲುನೋವು. ಹೇಳಲು ಬರಲಿಲ್ಲ, ತಟ್ಟೆ ಎಸೆದರು.

ಈಗ ಕತ್ತಲು ಕಂಡು ದೊಡ್ಡಮ್ಮ ಗಾಬರಿಯಾಗದಿರಲಿ ಅಂತ ಸಂಜೆ ಐದೂವರೆಗೇ ಮನೆಯ ದೀಪವೆಲ್ಲ ಹಾಕುತ್ತಾರೆ. ಏನಾದರೂ ಕಳೆದರೆ ಅತ್ತಿಗೆ ವಾದಕ್ಕೆ ನಿಲ್ಲುವುದಿಲ್ಲ. "ಬನ್ನಿ ಅತ್ತೆ, ಇಬ್ಬರೂ ಹುಡುಕೋಣ" ಅಂತ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಾರೆ. ಮೊದಲು ತೆಗೆಯುವುದು ಬೇಳೆ ಡಬ್ಬಿಯನ್ನೇ.