ಗಾಡಿ ಆಮೇಲೆ, ಮೊದಲು ನಿಲ್ಲೋ ಜಾಗ

ಹೋದ ತಿಂಗಳು ದಾವಣಗೆರೆಯಿಂದ ತಮ್ಮ ಫೋನ್ ಮಾಡಿದ್ದ. ಹಳೇ ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಒಂದು ಮಾರಾಟಕ್ಕೆ ಬಂದಿದೆಯಂತೆ, ಹನ್ನೆರಡು ಸೀಟಿನದು. ಸೀಟು ಕೀಳಿಸಿ ಒಳಗೆ ಹಾಸಿಗೆ, ಗ್ಯಾಸ್ ಒಲೆ, ಪುಟ್ಟದೊಂದು ಸಿಂಕು, ಮೂಲೆಯಲ್ಲಿ ಟಾಯ್ಲೆಟ್ಟು ಕೂರಿಸಿದರೆ ಕ್ಯಾಂಪರ್‌ವ್ಯಾನ್ ರೆಡಿ ಅಂತ ಅವನ ಲೆಕ್ಕ. "ನೀನು ಅಲ್ಲಿ ಹತ್ತು ದಿನ ಅದರಾಗೇ ಓಡಾಡಿದೋನು, ಏನೇನು ಹಾಕಿಸ್ಬೇಕು ಹೇಳಣ್ಣ" ಅಂದ. ಅವನ ಉತ್ಸಾಹ ನೋಡಿ ಫೋನಿನಲ್ಲಿ ಬರೀ ಹ್ಞೂಂ ಅಂದೆ. ಬೇಡ ಅನ್ನುವುದಕ್ಕೆ ಕಾರಣ ಕೊಡಬೇಕಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾವಿರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಹೋದ ವರ್ಷ ಜನವರಿಯಲ್ಲಿ, ಇಲ್ಲಿಗೆ ಅದು ಬೇಸಿಗೆ ರಜೆ, ನಾನು, ಹೆಂಡತಿ, ಆರು ವರ್ಷದ ಮಗ, ಮೂರು ವರ್ಷದ ಮಗಳು ಒಂದು ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ಟೆಕಪೊ, ಮೌಂಟ್ ಕುಕ್, ಟ್ವೈಜಲ್, ಓಮರೂ, ಮೊಯೆರಾಕಿ ಅಂತ ಸುತ್ತಿ ಬಂದೆವು. ಅದೇ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅವ್ವ, ದೊಡ್ಡಪ್ಪ, ತಮ್ಮನ ಸಂಸಾರ, ಅತ್ತೆ ಮಕ್ಕಳು ಎಲ್ಲ ಸೇರಿ ಒಂದು ಟಿಟಿ ಮಾಡಿಕೊಂಡು ಸಂತೆಬೆನ್ನೂರು, ಸೂಳೆಕೆರೆ, ಚಿತ್ರದುರ್ಗ, ವಾಣಿವಿಲಾಸ ಸಾಗರ ನೋಡಿದೆವು. ಒಂದು ಹತ್ತು ದಿನ, ಇನ್ನೊಂದು ಎರಡೇ ದಿನ. ತೂಗಿ ನೋಡುವುದಕ್ಕೆ ನನಗೆ ಇಷ್ಟು ಸಾಕು.

ಮೊದಲು ವ್ಯಾನಿನ ಸುಖ ಹೇಳುತ್ತೇನೆ. ಊಟದ ಮೇಜೇ ರಾತ್ರಿ ಮಂಚ. ಅದು ಮಂಚ ಆಗಬೇಕಾದರೆ ಮೇಜಿನ ಮೇಲಿದ್ದದ್ದೆಲ್ಲ ಸಿಂಕಿಗೆ ಹೋಗಬೇಕು, ಸಿಂಕಿನಲ್ಲಿದ್ದದ್ದು ಡ್ರೈವರ್ ಸೀಟಿಗೆ, ಡ್ರೈವರ್ ಸೀಟಿನಲ್ಲಿದ್ದ ಜಾಕೆಟ್ಟುಗಳು ಇನ್ನೆಲ್ಲಿಗೋ. ಬೆಳಿಗ್ಗೆ ಇದೇ ಆಟ ತಿರುಗಾಮುರುಗಾ. ಹೊರಡುವ ಮೊದಲು ಪ್ರತಿ ಡ್ರಾಯರನ್ನೂ ಕ್ಲಿಕ್ ಅನ್ನುವ ತನಕ ಒತ್ತಿ ಅಂತ ಗಾಡಿ ಕೊಟ್ಟವರು ಎರಡೆರಡು ಸಲ ಹೇಳಿದ್ದರು. ಬರ್ಕ್ಸ್ ಪಾಸ್ ಹತ್ತಿರದ ತಿರುವಿನಲ್ಲಿ ನಾನು ಒತ್ತದೇ ಬಿಟ್ಟಿದ್ದ ಡ್ರಾಯರ್ ತೆರೆದುಕೊಂಡು ಮಸಾಲೆ ಡಬ್ಬಿ ಕೆಳಗೆ ಬಿತ್ತು. ಅರಿಶಿನ ಬಿದ್ದಿದ್ದರೆ ಒರೆಸಬಹುದಿತ್ತು. ಬಿದ್ದದ್ದು ಸಾಸಿವೆ. ಅದು ಬ್ರೇಕ್ ಹಾಕಿದಾಗ ಮುಂದಕ್ಕೆ ಉರುಳುತ್ತದೆ, ಏರು ಹತ್ತುವಾಗ ಹಿಂದಕ್ಕೆ ಉರುಳುತ್ತದೆ. ಮಗಳ ಸಾಕ್ಸಿನಲ್ಲಿ ಸಾಸಿವೆ, ದಿಂಬಿನ ಹೊಲಿಗೆಯಲ್ಲಿ ಸಾಸಿವೆ. ಹತ್ತನೇ ದಿನ ಗಾಡಿ ಗುಡಿಸಿ ಒಪ್ಪಿಸುವಾಗಲೂ ಬಾಗಿಲಿನ ಹಳಿಯಲ್ಲಿ ನಾಲ್ಕು ಕಾಳು ಕೂತಿದ್ದವು.

ಉಳಿದ ಸಾಸಿವೆಯಲ್ಲಿ ಅದೇ ಸಂಜೆ ಒಗ್ಗರಣೆ ಹಾಕಿದಳು ನನ್ನ ಹೆಂಡತಿ. ಎರಡು ಬ್ಯಾಡಗಿ ಮೆಣಸಿನಕಾಯಿ ಬಿದ್ದಿದ್ದೇ ತಡ, ಹೊಗೆ ಅಲಾರಂ ಬಡಿದುಕೊಳ್ಳತೊಡಗಿತು. ನಾನು ಟವೆಲ್ ಬೀಸಿದೆ, ಮಕ್ಕಳು ಕಿವಿ ಮುಚ್ಚಿಕೊಂಡು ಕುಣಿದರು, ಪಕ್ಕದ ವ್ಯಾನಿನ ಅಜ್ಜ ಹೊರಗೆ ಬಂದು ನೋಡಿ ಕೈ ಬೀಸಿ ಒಳಗೆ ಹೋದ. ಅಂದಿನಿಂದ ನಮ್ಮ ಅಡುಗೆ ವ್ಯಾನುಗಳು ರಾತ್ರಿ ತಂಗುವ ಪಾರ್ಕುಗಳ ಸಾಮೂಹಿಕ ಅಡುಗೆಮನೆಗೆ ವರ್ಗವಾಯಿತು. ಅಲ್ಲಿ ಕುಕ್ಕರ್ ಕೂಗಿದಾಗ ನಾಲ್ಕು ದೇಶದವರು ತಿರುಗಿ ನೋಡುತ್ತಿದ್ದರು.

ತಮ್ಮನಿಗೆ ಮುಖ್ಯವಾಗಿ ಹೇಳಬೇಕಾದ್ದು ಟಾಯ್ಲೆಟ್ಟಿನ ವಿಷಯ. ಅವನು ನೋಡುವ ವಿಡಿಯೋಗಳಲ್ಲಿ ಕೆರೆ, ಹಿಮದ ಬೆಟ್ಟ, ಕಿಟಕಿಯ ಪಕ್ಕ ಹಬೆಯಾಡುವ ಕಾಫಿ ಇರುತ್ತೆ. ಕ್ಯಾಸೆಟ್ ಇರುವುದಿಲ್ಲ. ಟಾಯ್ಲೆಟ್ಟಿನ ಕೆಳಗೆ ಸೂಟ್‌ಕೇಸಿನಂಥ ಒಂದು ಪ್ಲಾಸ್ಟಿಕ್ ಡಬ್ಬ ಇರುತ್ತದೆ, ಅದಕ್ಕೆ ಕ್ಯಾಸೆಟ್ ಅಂತ ಹೆಸರು. ಗಾಡಿಯ ಹೊರಗಿನಿಂದ ಸಣ್ಣ ಬಾಗಿಲು ತೆಗೆದು ಅದನ್ನು ಎಳೆದು, ಹೊಲಸು ಸುರಿಯುವುದಕ್ಕೆಂದೇ ಮಾಡಿದ ಡಂಪ್ ಸ್ಟೇಷನ್ ತನಕ ಉರುಳಿಸಿಕೊಂಡು ಹೋಗಿ, ಮುಚ್ಚಳ ಬಿಚ್ಚಿ, ಮೂಗು ಆ ಕಡೆ ತಿರುಗಿಸಿ ಸುರಿಯಬೇಕು. ಗಾಳಿಗುಂಡಿ ಒತ್ತುವುದು ಮರೆತರೆ ಗುಳುಕ್ ಅಂತ ಕಾಲಿನ ಮೇಲೇ ಸಿಡಿಯುತ್ತದೆ. ನಾನು ಒಂದೇ ಸಲ ಮರೆತದ್ದು. ಆಮೇಲೆ ತೊಳೆದು, ನೀಲಿ ಔಷಧ ಹಾಕಿ, ವಾಪಸ್ ತಳ್ಳಬೇಕು. ಪಾತ್ರೆ ತೊಳೆದ, ಕೈ ತೊಳೆದ ಬೂದು ನೀರಿಗೆ ಬೇರೆ ಟ್ಯಾಂಕು, ಅದನ್ನೂ ಅಲ್ಲೇ ಬಿಡಬೇಕು. ದಾರಿ ಬದಿ ಚರಂಡಿಗೆ ಬಿಟ್ಟರೆ ದಂಡ.

ಈ ದೇಶದಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮಲಗಬಹುದು ಅನ್ನುವುದು ಹಳೇ ಮಾತು. 2011ರಲ್ಲೇ ಇದಕ್ಕೊಂದು ಕಾಯ್ದೆ ಬಂತು, 2023ರಲ್ಲಿ ಅದನ್ನು ಬಿಗಿ ಮಾಡಿದರು. ಈಗ ಟಾಯ್ಲೆಟ್ಟು ಗಾಡಿಗೇ ಜಡಿದಿರಬೇಕು, ಸೀಟಿನ ಕೆಳಗೆ ಎತ್ತಿಟ್ಟ ಬಕೆಟ್ಟು ತೋರಿಸಿದರೆ ಹಾಗೆ ಹೊರಗೆ ತಂಗುವುದಕ್ಕೆ ಬೇಕಾದ ಸರ್ಟಿಫಿಕೇಟ್ ಇಲ್ಲ. ನಿನ್ನ ಹೊಲಸು ನಿನ್ನ ಜೊತೆಗೇ ಬರಲಿ, ಎಲ್ಲಿ ಸುರಿಯಬೇಕೋ ಅಲ್ಲೇ ಸುರಿ ಅನ್ನುವುದು ಅದರ ತಾತ್ಪರ್ಯ. ಆದರೆ ಹಾಗೆ ಹೇಳುವ ಮುಂಚೆ ಇವರು ಸುರಿಯುವ ಜಾಗ ಮಾಡಿದ್ದಾರೆ ನೋಡಿ. ಸಣ್ಣಪುಟ್ಟ ಊರಿನಲ್ಲೂ ಒಂದು ಡಂಪ್ ಸ್ಟೇಷನ್, ಪಕ್ಕದಲ್ಲಿ ಕುಡಿಯುವ ನೀರಿನ ನಲ್ಲಿ. ಅರಣ್ಯ, ಬೆಟ್ಟ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಕ್ಯಾಂಪ್ ಜಾಗಗಳಲ್ಲಿ ಕೆಲವಂತೂ ಹುಲ್ಲು, ನಲ್ಲಿ, ಒಂದು ಗುಂಡಿ ಕಕ್ಕಸು, ಅಷ್ಟೇ. ಲೈಟಿಲ್ಲ, ವಾಚ್‌ಮನ್ ಇಲ್ಲ. ಆದರೂ ಆ ಕಕ್ಕಸಿನಲ್ಲಿ ಪೇಪರ್ ಇತ್ತು, ಚಿಲಕ ಬೀಳುತ್ತಿತ್ತು.

ನನ್ನ ಮಗನಿಗೆ ನೀರಿನ ಮೀಟರ್ ನೋಡುವ ಕೆಲಸ ಕೊಟ್ಟಿದ್ದೆವು. ಟ್ಯಾಂಕು ಕಾಲು ಭಾಗಕ್ಕೆ ಬಂದ ಕೂಡಲೇ "ಅಪ್ಪಾ, ಹಲ್ಲುಜ್ಜುವಾಗ ನಲ್ಲಿ ಬಂದ್ ಮಾಡು" ಅಂತ ನನ್ನನ್ನೇ ಗದರಿಸುತ್ತಿದ್ದ. ಆ ಹುಡುಗನನ್ನು ಡಿಸೆಂಬರಿನಲ್ಲಿ ಚಿತ್ರದುರ್ಗದ ಕೋಟೆ ಹತ್ತಿಸಿದೆವು. ಒನಕೆ ಓಬವ್ವನ ಕಿಂಡಿಯಲ್ಲಿ ನುಸುಳಿದ್ದು, ಹಿಡಿಂಬೇಶ್ವರ ಗುಡಿಯಲ್ಲಿ ರಾಕ್ಷಸನ ಹಲ್ಲು ನೋಡಿದ್ದು, ಕೋತಿ ಬಿಸ್ಕೆಟ್ ಪ್ಯಾಕ್ ಕಸಿದುಕೊಂಡದ್ದು ಎಲ್ಲ ಆಯಿತು. ಮೊಯೆರಾಕಿಯ ಸಮುದ್ರದ ದಡದಲ್ಲಿ ಚೆಂಡಿನಂಥ ಕಲ್ಲು ನೋಡಿ ಬೆರಗಾಗಿದ್ದ ಅವನಿಗೆ ದುರ್ಗದ ಬಂಡೆ ತೋರಿಸಿ, ಅವು ಆರು ಕೋಟಿ ವರ್ಷದವು, ಇವು ಇನ್ನೂರೈವತ್ತು ಕೋಟಿ ದಾಟಿದವು ಅಂತ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಅವನು ನಿಂತದ್ದು ಹೊಂಡಗಳ ಹತ್ತಿರ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರಿನ ಸಂತೆಹೊಂಡಕ್ಕೆ ನೀರು ಇಳಿಯುತ್ತದೆ ಅಂತ ದೊಡ್ಡಪ್ಪ ಕೋಲಿನಲ್ಲಿ ತೋರಿಸುತ್ತಾ ಹೇಳಿದರು. ಎಣ್ಣೆ, ತುಪ್ಪ ತುಂಬಿಡುತ್ತಿದ್ದ ಕೊಳ, ದವಸದ ಕಣಜ ಎಲ್ಲ ನೋಡಿದ ಮೇಲೆ ಹುಡುಗ ಕೇಳಿದ: "ದೊಡ್ಡಜ್ಜ, ಇವರ ಡಂಪ್ ಸ್ಟೇಷನ್ ಎಲ್ಲಿತ್ತು?" ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕರು. ಸಂಜೆ ತನಕ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಇನ್ನು ಟಿಟಿ. ನನ್ನ ಹೆಂಡತಿ ಹೇಳುವ ಪ್ರಕಾರ ನಮಗಿಬ್ಬರಿಗೂ ನಿಜವಾದ ರಜೆ ಸಿಕ್ಕಿದ್ದು ಅದರಲ್ಲೇ. ವ್ಯಾನಿನಲ್ಲಿ ಟ್ವೈಜಲ್‌ನಲ್ಲಿದ್ದಾಗ ಮಗಳಿಗೆ ರಾತ್ರಿ ಜ್ವರ ಬಂತು. ಹೊರಗೆ ಮಳೆ, ಒಳಗೆ ಅವಳ ಅಳು, ಮಗನ ನಿದ್ದೆಗೆಟ್ಟ ಕಿರಿಕಿರಿ, ಕಿಟಕಿ ತುಂಬ ಉಸಿರಿನ ಹನಿ. ನಾವಿಬ್ಬರೇ. ಮಗುವನ್ನು ಅರ್ಧ ಗಂಟೆ ಹಿಡಿದುಕೋ ಅಂತ ಕೊಡುವುದಕ್ಕೆ ಇನ್ನೊಂದು ಮಡಿಲಿಲ್ಲ. ಪಕ್ಕದವರು ಒಳ್ಳೆಯವರೇ, ಬೆಳಿಗ್ಗೆ ನಗುತ್ತಾರೆ, ಹವಾಮಾನ ಮಾತಾಡುತ್ತಾರೆ, ಮಧ್ಯರಾತ್ರಿ ಅವರ ಬಾಗಿಲು ತಟ್ಟುವುದಕ್ಕಾಗುತ್ತದೆಯೇ? ಟಿಟಿಯಲ್ಲಿ ಮಗಳು ಬೆಳಿಗ್ಗೆ ಆರಕ್ಕೆ ಅವ್ವನ ಮಡಿಲೇರಿದವಳು ಅಲ್ಲಿಂದ ಅತ್ತೆ, ಅತ್ತೆಯಿಂದ ಚಿಕ್ಕಮ್ಮ ಅಂತ ದಾಟಿಕೊಂಡು ಹೋಗಿ ಸಂತೆಬೆನ್ನೂರಿನ ಪುಷ್ಕರಣಿ ಹತ್ತಿರ ನಮಗೆ ಮತ್ತೆ ಸಿಕ್ಕಳು, ಕೈಯಲ್ಲೊಂದು ಚಕ್ಕುಲಿ ಹಿಡಿದು. ಆ ರಸ್ತೆಯಲ್ಲಿ ಅರ್ಧ ಭಾಗ ಮೆಕ್ಕೆಜೋಳ ಒಣಗಲು ಹಾಕಿದ್ದರು. ಚನ್ನಗಿರಿ ಕಡೆಯ ಅಡಿಕೆ ತೋಟವೊಂದರ ಮುಂದೆ ಊಟಕ್ಕೆ ನಿಲ್ಲಿಸಿದರೆ, ಗುರುತಿಲ್ಲ ಪರಿಚಯವಿಲ್ಲ, ತೋಟದವರು ಮೋಟರ್ ಹಾಕಿ ಕೈಕಾಲಿಗೆ ನೀರು ಬಿಟ್ಟರು, ಮಜ್ಜಿಗೆ ಕೊಟ್ಟರು. "ಯಾವೂರಾತು?" ಅಂತ ಕೇಳಿ ಐದು ನಿಮಿಷದಲ್ಲಿ ದೊಡ್ಡಪ್ಪನ ಜೊತೆ ಒಂದು ಸಂಬಂಧವನ್ನೂ ಹುಡುಕಿ ತೆಗೆದರು.

ಆ ಬುತ್ತಿಗಾಗಿ ಅವ್ವ, ನಾದಿನಿ ಬೆಳಗಿನ ಜಾವ ಮೂರೂವರೆಗೆ ಎದ್ದು ರೊಟ್ಟಿ ಬಡಿದಿದ್ದರು ಅನ್ನುವುದನ್ನೂ ಬರೆಯಲೇಬೇಕು. ಐವತ್ತು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣಗಾಯಿ, ಮೊಸರನ್ನ. ವ್ಯಾನಿನಲ್ಲಿ ಅರ್ಧ ದಿನ ನಾನು ಬೇಯಿಸುತ್ತಿದ್ದೆ. ಟಿಟಿಯಲ್ಲಿ ನಾನು, ತಮ್ಮ ಇಬ್ಬರೂ ಬಾಳೆಲೆ ಹಾಸಿದೆವು, ಅದೇ ನಮ್ಮ ಘನಕಾರ್ಯ.

ಬೆಲ್ಟಿನ ವಿಷಯದಲ್ಲಿ ನನಗೆ ನನ್ನ ಮೇಲೇ ಸಿಟ್ಟಿದೆ. ಇಲ್ಲಿ ಏಳು ವರ್ಷ ತುಂಬುವ ತನಕ ಮಗುವಿಗೆ ಅದರದ್ದೇ ಸೀಟು ಕಡ್ಡಾಯ. ಕ್ಯಾಂಪರ್‌ವ್ಯಾನಿನ ಎಲ್ಲ ಸೀಟಿಗೂ ಅದು ಕೂರುವುದಿಲ್ಲ ಅಂತ ಬುಕ್ ಮಾಡುವಾಗ ಮೂರು ಸಲ ವಿಚಾರಿಸಿದ್ದವನು ನಾನು. ನಮ್ಮಲ್ಲೂ 2019ರ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ, ಮಕ್ಕಳ ಸೀಟೋ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಅಂತಿದೆ. ಟಿಟಿಯಲ್ಲಿ ಬೆಲ್ಟುಗಳು ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿದ್ದವು. ಮಗ ಕೇಳಿದ, ಬೆಲ್ಟ್ ಎಲ್ಲಿ ಅಂತ. "ಅಜ್ಜಿ ಹಿಡ್ಕಂಡಿದಾರಲ್ಲ ಪುಟ್ಟಾ" ಅಂದ ಡ್ರೈವರ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಆರು ಪಥದ ಹೆದ್ದಾರಿಯಲ್ಲಿ ಎದುರಿನಿಂದ ಬೈಕು ಬರುವ ರಸ್ತೆ ಅದು, ನಗಬಾರದಿತ್ತು.

ಎರಡನೇ ದಿನ ವಾಣಿವಿಲಾಸ ಸಾಗರದಲ್ಲಿ ದೊಡ್ಡಪ್ಪನ ಉತ್ಸಾಹ ಹೇಳತೀರದು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲೇ. "ನಮ್ಮಪ್ಪ ನೋಡಿದ್ದನ್ನ ನಾನೂ ನೋಡಿದೆ" ಅನ್ನುವುದನ್ನು ಎಲ್ಲ ಮಕ್ಕಳಿಗೂ ಬೇರೆ ಬೇರೆಯಾಗಿ ಹೇಳಿದರು. ವಾಪಸ್ ಬರುವಾಗ ಹಿರಿಯೂರು ದಾಟಿದ ಮೇಲೆ ಮಗಳು ಸೂಸೂ ಅಂದಳು. ಒಂದು ಬಂಕಿನಲ್ಲಿ ನಿಲ್ಲಿಸಿದೆವು. ಶೌಚಾಲಯಕ್ಕೆ ಬೀಗ. ಬೀಗದ ಕೈ ಇದ್ದವನು ಊಟಕ್ಕೆ ಹೋಗಿದ್ದಾನೆ. ಮುಂದಿನ ಕಡೆ ಬೀಗ ಇರಲಿಲ್ಲ, ಒಳಗೆ ಕಾಲಿಡುವ ಹಾಗಿರಲಿಲ್ಲ, ನಲ್ಲಿಯಲ್ಲಿ ನೀರೂ ಇರಲಿಲ್ಲ. ಕೊನೆಗೆ ಸರ್ವಿಸ್ ರೋಡಿನ ಪಕ್ಕ ಜಾಲಿ ಗಿಡದ ಹಿಂದೆ ಅವ್ವ ಸೆರಗು ಅಡ್ಡ ಹಿಡಿದು ನಿಂತರು. ಮಗುವಿಗೇನೋ ಆಯಿತು. ಗಾಡಿಗೆ ಹತ್ತುವಾಗ ನಾದಿನಿಗೆ ನೀರಿನ ಬಾಟಲಿ ಕೊಟ್ಟರೆ ಬೇಡ ಅಂದಳು. ಆಗ ಗೊತ್ತಾಯಿತು, ಎರಡೂ ದಿನ ಆಕೆ ಮನೆ ಬಿಟ್ಟ ಮೇಲೆ ಊಟದ ಹೊತ್ತಿಗೆ ಎರಡು ಗುಟುಕು ಬಿಟ್ಟರೆ ನೀರೇ ಕುಡಿದಿಲ್ಲ. ಅವ್ವನೂ ಅಷ್ಟೇ. "ಪ್ರಯಾಣ ಅಂದ್ರೆ ಹಂಗೇ ಅಲ್ಲೇನಪ್ಪ" ಅಂದರು, ಅದೊಂದು ವಿಷಯವೇ ಅಲ್ಲ ಅನ್ನುವ ಹಾಗೆ. ನಲವತ್ತು ವರ್ಷ ನಾನು ಇದನ್ನು ಗಮನಿಸಿರಲಿಲ್ಲ.

ಅದಕ್ಕೇ ತಮ್ಮಾ, ಟಿಟಿ ಒಳಗೆ ಟಾಯ್ಲೆಟ್ಟು ಕೂರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡ. ಆ ಡಬ್ಬ ಎಲ್ಲಿ ಸುರಿಯುತ್ತೀಯ? ಭದ್ರಾ ಕಾಲುವೆಗಾ? ಯಾವುದೋ ರೈತನ ಬದುವಿಗಾ? ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀಯ, ಡಾಬಾ ಮುಂದೆ ಲಾರಿಗಳ ನಡುವೆಯಾ? ಕೇರಳದವರು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಮಾಡಿದಾಗ ಗಾಡಿಯ ಜೊತೆಗೆ ಅದು ತಂಗುವ ಪಾರ್ಕುಗಳ ಮಾತನ್ನೂ ಸೇರಿಸಿದರು, ಅಷ್ಟರ ಮಟ್ಟಿಗೆ ಅವರ ಲೆಕ್ಕ ಸರಿ. ನಮಗೆ ಲಕ್ಷಾಂತರದ ಗಾಡಿ, ಎಸಿ ಪಾರ್ಕು ಯಾವುದೂ ಬೇಡ. ಸೂಳೆಕೆರೆ ಏರಿಯ ಹತ್ತಿರ, ಚಂದ್ರವಳ್ಳಿಯ ಹತ್ತಿರ, ಹೆದ್ದಾರಿಯಲ್ಲಿ ಗಂಟೆಗೊಂದು ಕಡೆ ಎರಡು ಬೇವಿನ ಮರ, ನಲ್ಲಿ, ಕಟ್ಟೆ, ಚಿಲಕ ಬೀಳುವ ನಾಲ್ಕು ಕಕ್ಕಸು, ತಿಂಗಳು ತಿಂಗಳು ಸರಿಯಾಗಿ ಸಂಬಳ ಸಿಗುವ ಒಬ್ಬ ಆಳು. ದಾರಿಹೋಕರಿಗೆ ಅರವಟ್ಟಿಗೆ ಇಟ್ಟವರು, ಛತ್ರ ಕಟ್ಟಿಸಿದವರು, ಇವತ್ತಿಗೂ ಮಠದಲ್ಲಿ ಬಂದವರಿಗೆಲ್ಲ ದಾಸೋಹ ನಡೆಸುವವರು ನಾವು. ಊಟ ಹಾಕುವುದಕ್ಕೆ ನಮ್ಮಷ್ಟು ದೊಡ್ಡ ಕೈ ಇಲ್ಲಿಯವರದ್ದಲ್ಲ. ಉಂಡವರು ಆಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆ ದುಡ್ಡಿನಲ್ಲಿ ಮೊದಲು ಮಕ್ಕಳಿಗೆ ಎರಡು ಸೀಟು ಕೊಂಡುಕೋ, ಬೇಕಾದಾಗ ಟಿಟಿ ಬಾಡಿಗೆಗೆ ಹಿಡಿ, ಹದಿಮೂರು ಜನ ಹೋಗಿ ಬನ್ನಿ ಅಂತ ಇಷ್ಟನ್ನೂ ಮೊನ್ನೆ ವಾಟ್ಸಾಪಿನಲ್ಲಿ ಸಂಕ್ಷೇಪವಾಗಿ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ನಿನ್ನೆ ರಾತ್ರಿ ಒಂದು ಫೋಟೊ ಬಂತು. ಮೂರು ಥಾನು ಪರದೆ ಬಟ್ಟೆ, ಕೆಳಗೆ ಒಂದೇ ಸಾಲು: "ಅಣ್ಣಾ, ಕಿಟಕಿಗೆ ಯಾವುದು ಚಂದ?"